ಕೋಡೊಲೆಯ ನ್ಯಾಯ

ಪ್ಯಾರಾ-ಝೈಲೀನ್ ಎಂಬ ದ್ರವವು 138.4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಅದರ ಒಡಹುಟ್ಟಾದ ಮೆಟಾ-ಝೈಲೀನ್ 139.1 ಡಿಗ್ರಿಯಲ್ಲಿ. ಒಂದು ಡಿಗ್ರಿಯೂ ತುಂಬದ ಈ ಅಂತರವನ್ನು ಗೆಲ್ಲುವುದಕ್ಕಾಗಿ ಮನುಷ್ಯನು ಎಷ್ಟು ಇಂಧನವನ್ನು ಸುಡುತ್ತಾನೆ, ಸುಟ್ಟುದರ ಬಿಸಿಯಲ್ಲಿ ಎಷ್ಟು ಭಾಗವನ್ನು ಗಾಳಿಗೆ ಬಿಡುತ್ತಾನೆ, ಹಾಗೆ ಬಿಡದೆ ಅದನ್ನು ಹಿಡಿದು ಮತ್ತೆ ದುಡಿಸಿಕೊಳ್ಳಲು ಕಳೆದ ಅರ್ಧ ಶತಮಾನದಲ್ಲಿ ಏನೇನು ಉಪಾಯಗಳನ್ನು ಹೂಡಿದ್ದಾನೆ ಎಂಬುದು ಸಾಮಾನ್ಯ ಓದುಗನ ಕಿವಿಗೆ ಬೀಳುವ ಸಂಗತಿಯಲ್ಲ. ಆದರೂ ಅದು ತಿಳಿಯಬೇಕಾದ ಸಂಗತಿಯೆಂದು ನನ್ನ ಭಾವನೆ.

ವಿಷಯವು ಕಾರ್ಖಾನೆಯ ಗೋಡೆಯಾಚೆಯದಾಗಿ ತೋರಿದರೂ ಅದರ ಫಲವು ನಮ್ಮ ಮೈಮೇಲೆಯೇ ಇದೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನಜ್ಞರು ಟೆರಿಫ್ತಾಲಿಕ್ ಆಮ್ಲವನ್ನೂ ಗ್ಲೈಕಾಲನ್ನೂ ಬೆಸೆದು ಎಳೆದ ನೂಲು, ಟೆರಿಲೀನ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾಗಿ, ಕಾಲಾಂತರದಲ್ಲಿ ನಮ್ಮ ಸಂತೆಪೇಟೆಗಳಿಗೂ ಟೆರಿಕಾಟ್ ಷರ್ಟಾಗಿ, ಪಾಲಿಯೆಸ್ಟರ್ ಸೀರೆಯಾಗಿ ಬಂದಿಳಿಯಿತು. ಹೆಚ್ಚು ಇಸ್ತ್ರಿ ಬೇಡದ, ಮಳೆಗಾಲದಲ್ಲಿಯೂ ಬೇಗನೆ ಆರುವ ಆ ಬಟ್ಟೆ ಬಡವರ ಮನೆಯ ಹಗ್ಗದ ಮೇಲೂ ಕಾಣಿಸಿಕೊಂಡಿತು. ಆ ಆಮ್ಲಕ್ಕೆ ಮೂಲದ್ರವ್ಯವೇ ಪ್ಯಾರಾ-ಝೈಲೀನ್. ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ 2014ರಲ್ಲಿ ಕಾರ್ಯಾರಂಭ ಮಾಡಿ, 2022ರಲ್ಲಿ ನೆರೆಯ ಎಂ.ಆರ್.ಪಿ.ಎಲ್. ಸಂಸ್ಥೆಯೊಳಗೆ ವಿಲೀನವಾದ ಆರೊಮ್ಯಾಟಿಕ್ಸ್ ಸಂಕೀರ್ಣವು ವರ್ಷಕ್ಕೆ ಸುಮಾರು 9 ಲಕ್ಷ ಟನ್ ಪ್ಯಾರಾ-ಝೈಲೀನನ್ನು ತಯಾರಿಸಬಲ್ಲ ಸಾಮರ್ಥ್ಯವುಳ್ಳದ್ದು. ಆದುದರಿಂದ ಈ ವಿದ್ಯೆ ಕನ್ನಡ ನಾಡಿಗೆ ಹೊರಗಿನದೇನೂ ಅಲ್ಲ.

ಝೈಲೀನ್‌ಗಳು ಮೂರು. ಆರು ಮೂಲೆಯ ಬೆನ್ಝೀನ್ ಉಂಗುರಕ್ಕೆ ಎರಡು ಮೀಥೈಲ್ ಗುಂಪುಗಳು ಅಂಟಿಕೊಂಡರೆ ಅದು ಝೈಲೀನ್; ಆ ಎರಡೂ ಅಕ್ಕಪಕ್ಕದ ಮೂಲೆಗಳಲ್ಲಿದ್ದರೆ ಆರ್ಥೊ, ನಡುವೆ ಒಂದು ಮೂಲೆ ಬಿಟ್ಟಿದ್ದರೆ ಮೆಟಾ, ಎದುರುಬದುರಾಗಿದ್ದರೆ ಪ್ಯಾರಾ. ಪರಮಾಣುಗಳ ಸಂಖ್ಯೆ ಒಂದೇ, ತೂಕ ಒಂದೇ. ಜೋಡಣೆ ಮಾತ್ರ ಬೇರೆ. ಇಂತಹ ವಸ್ತುಗಳಿಗೆ ಸ್ವೀಡನ್ನಿನ ಬರ್ಝೀಲಿಯಸ್ 1830ರಲ್ಲಿ ಐಸೊಮರ್ ಎಂಬ ಹೆಸರನ್ನಿತ್ತನು. ನಮ್ಮ ಪಠ್ಯಪುಸ್ತಕಗಳು ಸಮಾಂಗಿಗಳೆಂದು ಕರೆದವು. ಎದುರುಬದುರಿನ ಜೋಡಣೆಯಿರುವ ಪ್ಯಾರಾ ಒಂದೇ ಪಾಲಿಯೆಸ್ಟರಿನ ನೇರವಾದ ಎಳೆಗೆ ಒದಗುವಂಥದು. ಆರ್ಥೊವಿಗೆ ಬಣ್ಣ, ಪ್ಲಾಸ್ಟಿಕ್ ಮೊದಲಾದ ಕೈಗಾರಿಕೆಗಳಲ್ಲಿ ಅಷ್ಟಿಷ್ಟು ಗಿರಾಕಿಯುಂಟು. ಮೆಟಾವನ್ನು ಕೇಳುವವರು ಬಹಳ ವಿರಳ. ಆದರೆ ಪ್ರಕೃತಿ ನಮ್ಮ ಬೇಡಿಕೆಯನ್ನು ನೋಡಿ ಹಂಚುವುದಿಲ್ಲ. ಸಮತೋಲಸ್ಥಿತಿಯಲ್ಲಿ ಮೂರು ಝೈಲೀನ್‌ಗಳ ಪಾಲು, ನೂರಕ್ಕೆ ಸ್ಥೂಲವಾಗಿ, ಪ್ಯಾರಾ 24, ಮೆಟಾ 53, ಆರ್ಥೊ 23. ಎಂದರೆ, ಬೇಕಾದುದು ಕಾಲು ಭಾಗಕ್ಕೂ ಕಡಿಮೆ.

ಉಳಿದ ಮುಕ್ಕಾಲು ಭಾಗವನ್ನು ಏನು ಮಾಡುವುದು? ಪ್ಯಾರಾವನ್ನು ಆರಿಸಿಕೊಂಡ ಮೇಲೆ ಉಳಿದುದನ್ನು ಕ್ರಿಯಾವರ್ಧಕ ತುಂಬಿದ ರಿಯಾಕ್ಟರಿನ ಮೂಲಕ ಹಾಯಿಸಿದರೆ, ಕಳೆದುಹೋದ ಸಮತೋಲವನ್ನು ಮತ್ತೆ ಪಡೆಯುವ ತವಕದಲ್ಲಿ ಮೆಟಾದ ಒಂದಂಶವು ಪ್ಯಾರಾ ಆಗಿ ಪರಿವರ್ತನೆ ಹೊಂದುತ್ತದೆ. ಇದೇ ಐಸೊಮರೀಕರಣ. ಹೊಸದಾಗಿ ಹುಟ್ಟಿದ ಪ್ಯಾರಾವನ್ನು ಪುನಃ ಆರಿಸಬೇಕು. ಉಳಿದುದನ್ನು ಪುನಃ ರಿಯಾಕ್ಟರಿಗೆ ಕಳಿಸಬೇಕು. ಏತದ ಬಾನಿ ಇಳಿದೇರಿದಂತೆ ಈ ದ್ರವರಾಶಿಯು ಹಗಲಿರುಳು ಸುತ್ತುತ್ತಲೇ ಇರುವುದು. ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪವಾಗಿ ಪ್ಯಾರಾ ಹೊರಬರುವುದು.

ಇಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ ಲೆಕ್ಕವೊಂದಿದೆ. ಒಂದು ಕಿಲೋಗ್ರಾಂ ಮೆಟಾವನ್ನು ಪ್ಯಾರಾ ಮಾಡಲು ಆ ಕ್ರಿಯೆಯೇ ಬೇಡುವ ಉಷ್ಣವು 10 ಕಿಲೋಜೂಲ್‌ಗಳನ್ನೂ ಮುಟ್ಟದು. ಸಮತೋಲದಲ್ಲಿರುವ ಮೂರರ ಮಿಶ್ರಣವನ್ನು ಪೂರ್ತಿಯಾಗಿ ಬೇರ್ಪಡಿಸಲು ಉಷ್ಣಗತಿಶಾಸ್ತ್ರವು ವಿಧಿಸುವ ಕನಿಷ್ಠ ಶ್ರಮವಾದರೂ ಕಿಲೋಗ್ರಾಮಿಗೆ ಸುಮಾರು 25 ಕಿಲೋಜೂಲ್ ಅಷ್ಟೇ. ಇನ್ನು ವಾಸ್ತವವನ್ನು ನೋಡಿ. ಸುತ್ತುವ ದ್ರವದಲ್ಲಿ ಎಥೈಲ್‌ಬೆನ್ಝೀನ್ ಮುಂತಾದ ಬಳಗವೂ ಕೂಡಿರುವುದರಿಂದ ಪ್ಯಾರಾದ ಪಾಲು ನೂರಕ್ಕೆ 22ರಷ್ಟಿರುತ್ತದೆ. ಅದರಲ್ಲಿ 97 ಭಾಗವನ್ನು ಹಿಡಿಯಬಲ್ಲೆವೆಂದುಕೊಂಡರೂ ಒಂದು ಟನ್ ಪ್ಯಾರಾಕ್ಕೆ 4.7 ಟನ್ ದ್ರವವು ಸುತ್ತಬೇಕು. ಅಷ್ಟನ್ನೂ ಪ್ರತಿ ಸುತ್ತಿನಲ್ಲಿ, ಭಾರದ ಕಲ್ಮಷಗಳಿಂದ ಬಿಡಿಸುವ ಸಲುವಾಗಿ, ಝೈಲೀನ್ ಕಾಲಮ್ ಎಂಬ ಎತ್ತರವಾದ ಗೋಪುರದಲ್ಲಿ ಆವಿಯಾಗಿಸಿ ಮೇಲೇರಿಸಬೇಕು. ಝೈಲೀನಿನ ಗುಪ್ತೋಷ್ಣವು ಕಿಲೋಗ್ರಾಮಿಗೆ ಸುಮಾರು 340 ಕಿಲೋಜೂಲ್. ಮೇಲೆ ಬಂದುದರಲ್ಲಿ ಒಂದು ಪಾಲನ್ನು ಶುದ್ಧಿಗಾಗಿ ರಿಫ್ಲಕ್ಸ್ ಎಂದು ಗೋಪುರದೊಳಕ್ಕೇ ಮರಳಿಸುವುದು ಕ್ರಮ. ಹೊರಗೆ ಒಯ್ಯುವಷ್ಟನ್ನೇ ಮರಳಿಸುತ್ತೇವೆಂಬ ಉದಾರವಾದ ಲೆಕ್ಕ ಹಿಡಿದರೂ, ಒಂದು ಕಿಲೋಗ್ರಾಂ ಪ್ಯಾರಾಕ್ಕೆ ಈ ಒಂದು ಗೋಪುರದಲ್ಲಿಯೇ 3,200 ಕಿಲೋಜೂಲ್‌ಗಳಷ್ಟು ಉಷ್ಣ ಹೋಯಿತು. ಒಂದು ಕಿಲೋಗ್ರಾಂ ಕುದಿನೀರನ್ನು ತಳ ಕಾಣುವ ತನಕ ಬತ್ತಿಸಲು 2,257 ಕಿಲೋಜೂಲ್ ಸಾಕು. ರೂಪಾಂತರಕ್ಕೆ ಹತ್ತು, ವಿಂಗಡಣೆಗೆ ಸಾವಿರಗಳು. ಫರ್ನೇಸಿನಲ್ಲಿ ಉರಿಯುವ ಬೆಂಕಿ ರಸಾಯನಕ್ರಿಯೆಗಾಗಿ ಉರಿಯುತ್ತಿದೆಯೆಂದು ಹೊರಗಿನಿಂದ ನೋಡುವವರು ಭಾವಿಸುವುದು ಸಹಜ. ವಸ್ತುತಃ ಅದು ಉರಿಯುತ್ತಿರುವುದು ಕೇವಲ ಆರಿಸಿ ಬೇರೆಯಿಡುವುದಕ್ಕಾಗಿ.

ಹಾಗಾದರೆ ಆ ಸಾವಿರಗಟ್ಟಲೆ ಕಿಲೋಜೂಲ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಗೋಪುರದ ಬುಡದಲ್ಲಿರುವ ರೀಬಾಯ್ಲರಿನಲ್ಲಿ ಕೊಟ್ಟ ಉಷ್ಣವು ಆವಿಯ ಬೆನ್ನೇರಿ ಟ್ರೇಯಿಂದ ಟ್ರೇಗೆ ಹತ್ತಿ, ನೆತ್ತಿಯ ಕಂಡೆನ್ಸರಿನಲ್ಲಿ ಬಹುಮಟ್ಟಿಗೆ ಅಷ್ಟಕ್ಕಷ್ಟೂ ಹೊರಬೀಳುತ್ತದೆ. ಪರಿಮಾಣದಲ್ಲಿ ನಷ್ಟವಿಲ್ಲ, ಇಳಿದಿರುವುದು ಅದರ ಮಟ್ಟ, ಅದರ ಉಷ್ಣತೆ. ಇಷ್ಟು ತಿಳಿದರೆ ಮುಂದಿನ ಎಲ್ಲ ಉಪಾಯಗಳಿಗೂ ಬೀಗದ ಕೈ ದೊರೆತಂತೆ.

ಮಲೆನಾಡಿನ ಹಳೆಯ ಅಡಿಗೆಮನೆಗಳಲ್ಲಿ ಕೋಡೊಲೆಯೆಂಬುದೊಂದಿತ್ತು. ದೊಡ್ಡೊಲೆಯ ಪಕ್ಕಕ್ಕೆ, ಮಣ್ಣಿನೊಳಗೇ ಬಿಟ್ಟ ಕಂಡಿಯ ಮೂಲಕ ಉರಿಯ ನಾಲಿಗೆ ಹಾಯುವಂತೆ ಕಟ್ಟಿದ ಚಿಕ್ಕ ಒಲೆ ಅದು. ನಮ್ಮಜ್ಜಿ ದೊಡ್ಡೊಲೆಯ ಮೇಲೆ ಅನ್ನಕ್ಕೆ ಎಸರಿಟ್ಟು, ಕೋಡೊಲೆಯ ಮೇಲೆ ಹಾಲಿನ ಪಾತ್ರೆಯನ್ನಿಡುತ್ತಿದ್ದರು. ಕೋಡೊಲೆಗೆಂದು ಬೇರೆ ಸೌದೆಯನ್ನು ಅವರು ಇಟ್ಟದ್ದನ್ನು ನಾನು ಕಾಣೆ. ಚಿಕ್ಕಂದಿನಲ್ಲಿ ಒಮ್ಮೆ ನಾನು ಎರಡು ಪಾತ್ರೆಗಳನ್ನೂ ಅದಲು ಬದಲು ಮಾಡಿಟ್ಟಾಗ ಹಾಲು ಉಕ್ಕಿ ಒಲೆ ಆರಿತು, ಎಸರು ಮಾತ್ರ ಕುದಿಯಲೇ ಇಲ್ಲ. ಎಷ್ಟು ಬಿಸಿ ಇದೆಯೆಂಬುದರೊಡನೆ ಯಾವ ಮಟ್ಟದ ಬಿಸಿ ಯಾವ ಪಾತ್ರೆಗೆ ಎಂಬುದನ್ನೂ ಅರಿತಿರಬೇಕೆಂಬ ಪಾಠ ಆ ಬೂದಿಯಲ್ಲಿ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಮುಂದೆ ಬಂದ ಮೂರು ಪಾತ್ರೆಗಳ ಅಸ್ತ್ರ ಒಲೆಯಲ್ಲಿಯೂ ಒಂದೇ ಉರಿ ಮೂರು ಪಾತ್ರೆಗಳ ಅಡಿಯಲ್ಲಿ ಹಾದು ಹೊಗೆಗೂಡನ್ನು ಸೇರುವುದು.

ಝೈಲೀನ್ ಕಾಲಮಿಗೆ ಕೋಡೊಲೆಯನ್ನು ಕಟ್ಟುವ ಬಗೆ ಹೇಗೆ? ಪ್ಯಾರಾವನ್ನು ಆರಿಸಲು ಇಂದು ಬಹುತೇಕ ಕಡೆ ಬಳಸುವುದು ಝಿಯೊಲೈಟ್ ಎಂಬ ರಂಧ್ರಮಯ ಖನಿಜವನ್ನು. ಇದರ ಕಾಳುಗಳು ಪ್ಯಾರಾವನ್ನು ಮಿಕ್ಕವುಗಳಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಿಡಿದುದನ್ನು ಬಿಡಿಸಲು ಪ್ಯಾರಾ-ಡೈಎಥೈಲ್‌ಬೆನ್ಝೀನ್ ಎಂಬ ಮತ್ತೊಂದು ದ್ರವದಿಂದ ತೊಳೆಯಬೇಕು. ತೊಳೆದ ಮೇಲೆ ಆ ದ್ರವದಿಂದ ಪ್ಯಾರಾವನ್ನು ಒಂದು ಗೋಪುರದಲ್ಲಿ, ಉಳಿದವನ್ನು ಇನ್ನೊಂದು ಗೋಪುರದಲ್ಲಿ ಬಿಡಿಸಬೇಕು. ಈ ಎರಡು ಗೋಪುರಗಳ ಬುಡದಲ್ಲಿ ಕುದಿಯುವ ತೊಳೆದ್ರವದ ಕುದಿಬಿಂದು 184 ಡಿಗ್ರಿ. ಝೈಲೀನ್ ಕಾಲಮಿನ ನೆತ್ತಿಯಲ್ಲಿ ಆವಿ ದ್ರವವಾಗುವುದು, ಸಾಧಾರಣ ಒತ್ತಡದಲ್ಲಿ, 140 ಡಿಗ್ರಿಯ ಆಸುಪಾಸಿನಲ್ಲಿ. 140ರ ಬಿಸಿ 184ನ್ನು ಕುದಿಸಲಾರದು. ಆದುದರಿಂದ ಅದನ್ನು ಫ್ಯಾನುಗಳ ಗಾಳಿಗೆ ಒಡ್ಡಿ ಆರಿಸಿಬಿಡುವುದು, ಪಕ್ಕದ ಗೋಪುರಗಳಿಗೆ ಬೇರೆ ಉರಿಯನ್ನು ಹೊತ್ತಿಸುವುದು, ಹೀಗೆ ನಡೆಯಬೇಕಾಗಿತ್ತು.

ಪರಿಹಾರವು ಬಹು ಸರಳವೂ ಧೀರವೂ ಆದದ್ದು. ಝೈಲೀನ್ ಕಾಲಮಿನ ಒತ್ತಡವನ್ನೇ ಹಲವು ಪಟ್ಟು ಏರಿಸಿದರೆ, ಪ್ರೆಷರ್ ಕುಕ್ಕರಿನೊಳಗಣ ನೀರಿನಂತೆ, ಝೈಲೀನೂ ಹೆಚ್ಚಿನ ಉಷ್ಣತೆಯಲ್ಲಿ ಕುದಿದು, 200 ಡಿಗ್ರಿಗೂ ಮೇಲ್ಪಟ್ಟು ದ್ರವವಾಗುವುದು. ಈಗ ಅದರ ನೆತ್ತಿಯ ಬಿಸಿ ಪಕ್ಕದ ಗೋಪುರಗಳ ಬುಡವನ್ನು ಸಲೀಸಾಗಿ ಕುದಿಸಬಲ್ಲುದು. ಒಂದರ ಕಂಡೆನ್ಸರೇ ಇನ್ನೊಂದರ ರೀಬಾಯ್ಲರ್ ಆಯಿತು. ಬೆಲೆ ತೆರದೆ ಬಂದ ಲಾಭವಲ್ಲ ಇದು: ಒತ್ತಡ ಏರಿದಂತೆಲ್ಲ ಹಗುರ ಭಾರಗಳ ನಡುವಣ ವ್ಯತ್ಯಾಸ ಕುಗ್ಗಿ, ಅದೇ ಶುದ್ಧಿಗೆ ಟ್ರೇಗಳ ಸಂಖ್ಯೆ ಏರಬೇಕು, ಉಕ್ಕಿನ ಗೋಡೆ ದಪ್ಪವಾಗಬೇಕು, ಬುಡದ ಫರ್ನೇಸು ಇನ್ನೂ ಬಿಸಿಯಾಗಿ ಉರಿಯಬೇಕು. ಆದರೂ ಒಂದೇ ಉರಿಯಿಂದ ಮೂರು ಗೋಪುರಗಳು ನಡೆಯುವುದರಿಂದ ಒಟ್ಟು ಲೆಕ್ಕದಲ್ಲಿ ಇಂಧನ ಉಳಿಯುತ್ತದೆ. ತೊಳೆಯಲು ಟೊಲ್ವೀನಿನಂಥ ಹಗುರ ದ್ರವವನ್ನು ಆರಿಸಿಕೊಂಡರೆ ಆ ಗೋಪುರಗಳ ಬುಡದ ಉಷ್ಣತೆಯೇ ತಗ್ಗುವುದೆಂಬ ಯೋಚನೆಯ ಮೇಲೆ ಕಟ್ಟಿದ ವಿನ್ಯಾಸಗಳೂ ಇವೆ.

ಯಾವ ಬಿಸಿಯನ್ನು ಯಾವ ತಣ್ಣನೆಯದರ ಜೊತೆಗೆ ಕೂಡಿಸುವುದು ಎಂಬ ಪ್ರಶ್ನೆ, ಹತ್ತಾರು ಗೋಪುರಗಳೂ ನೂರಾರು ಕೊಳವೆಗಳೂ ಇರುವೆಡೆಯಲ್ಲಿ, ಅನುಭವವೊಂದರಿಂದಲೇ ಬಿಡಿಸಲಾಗದ ಒಗಟು. 1973ರ ತೈಲ ಬಿಕ್ಕಟ್ಟಿನ ತರುವಾಯ, ಬೋಡೊ ಲಿನ್‌ಹಾಫ್ ಎಂಬಾತನು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಫ್ಲವರ್ ಎಂಬಾತನೊಡಗೂಡಿ ಇದಕ್ಕೊಂದು ಶಿಸ್ತನ್ನು ತಂದನು. 1978ರಲ್ಲಿ ಅವರ ಲೇಖನಗಳು ಪ್ರಕಟವಾದವು. ಕಾರ್ಖಾನೆಯಲ್ಲಿ ಬಿಸಿಯಾಗಬೇಕಾದ ಹರಿವುಗಳನ್ನೆಲ್ಲ ಕೂಡಿಸಿ ಒಂದು ವಕ್ರರೇಖೆ, ತಣಿಯಬೇಕಾದುವನ್ನೆಲ್ಲ ಕೂಡಿಸಿ ಇನ್ನೊಂದು. ಇವೆರಡನ್ನೂ ಒಂದೇ ಹಾಳೆಯ ಮೇಲೆ ಬರೆದರೆ ಅವು ಒಂದೆಡೆಯಲ್ಲಿ ಅತ್ಯಂತ ಸಮೀಪಕ್ಕೆ ಬರುತ್ತವೆ. ಅದಕ್ಕೆ ಪಿಂಚ್ ಎಂದು ಹೆಸರು. ಇರುಕು ಎಂದರೆ ನಮಗೆ ಅರ್ಥವಾದೀತು. ಇರುಕಿನ ಮೇಲಣ ಭಾಗಕ್ಕೆ ಉಷ್ಣದ ಅಭಾವ, ಕೆಳಗಣ ಭಾಗಕ್ಕೆ ಉಷ್ಣದ ಅತಿಶಯ. ಆದುದರಿಂದ ಮೇಲಿನ ಮನೆಯ ಬಿಸಿಯನ್ನು ಕೆಳಗಿನ ಮನೆಗೆ ಇಳಿಸಕೂಡದು. ಮೇಲಿನ ಮನೆಯಲ್ಲಿ ತಣ್ಣೀರು ಬಳಸಕೂಡದು. ಕೆಳಗಿನ ಮನೆಯಲ್ಲಿ ಉರಿ ಹಚ್ಚಕೂಡದು. ಮೊದಲನೆಯ ನಿಯಮವನ್ನು ಮುರಿದವನಿಗೆ ದಂಡ ಎರಡು ಬಾರಿ ಬೀಳುವುದೆಂಬುದು ಈ ಶೋಧದ ತಿರುಳು: ಇರುಕನ್ನು ದಾಟಿ ಒಂದಂಶ ಉಷ್ಣ ಕೆಳಗಿಳಿಯಿತೆನ್ನಿ, ಮೇಲೆ ಅಷ್ಟೇ ಉಷ್ಣವನ್ನು ಫರ್ನೇಸು ಹೆಚ್ಚಾಗಿ ಕೊಡಬೇಕು, ಕೆಳಗೆ ಮೊದಲೇ ಉಕ್ಕುತ್ತಿದ್ದುದಕ್ಕೆ ಅದೂ ಸೇರಿ ಅಷ್ಟನ್ನೇ ಕೂಲಿಂಗ್ ಟವರು ಹೆಚ್ಚಾಗಿ ಹೊರಬೇಕು. ಎರಡು ಕೊಳವೆಗಳನ್ನು ಜೋಡಿಸಿ ಬಿಸಿ ಉಳಿಸಿದೆನೆಂದು ಸಂತೋಷಪಡುವ ಎಂಜಿನಿಯರು, ಆ ಜೋಡಣೆ ಇರುಕನ್ನು ಅಡ್ಡಹಾಯುವುದಾದರೆ, ಏನನ್ನೂ ಉಳಿಸಿರುವುದಿಲ್ಲ. ಇಷ್ಟು ಕೆಲಸವನ್ನು ಹಾಳೆ ಪೆನ್ಸಿಲುಗಳಲ್ಲಿ ಮಾಡಬಹುದೆಂಬುದನ್ನು ನೆನೆದಾಗ, ಇದು ಇನ್ನೂ ಮೊದಲೇ ಹೊಳೆಯದೆ ಹೋಯಿತಲ್ಲ ಎಂದು ನನಗೆ ಆಶ್ಚರ್ಯವಾಗುವುದುಂಟು.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ, ಅಲ್ಲಿನ ಹಿರಿಯ ಎಂಜಿನಿಯರೊಬ್ಬರ ಜೊತೆಯಲ್ಲಿ, ನಾನು ಫಿನ್ ಫ್ಯಾನುಗಳ ಅಟ್ಟಣಿಗೆಯನ್ನೇರಿದ್ದೆ. ರೆಕ್ಕೆಗಳಿರುವ ಕೊಳವೆಗಳ ಹಾಸಿನ ಕೆಳಗೆ ಬೃಹದಾಕಾರದ ಪಂಖಗಳು ತಿರುಗುತ್ತಿದ್ದುವು. ಕೊಳವೆಯೊಳಗಣ ಬಿಸಿಯು ಗಾಳಿಗೆ ಸೇರಿ ಮೇಲಕ್ಕೆ ಹೋಗುತ್ತಿದ್ದುದು, ಪಕ್ಕದ ಕಾಲುಹಾದಿಯ ಕಂಬಿಯನ್ನು ಹಿಡಿದು ನಿಂತರೆ, ಮುಖಕ್ಕೆ ಬಡಿಯುತ್ತಿತ್ತು. “ಇದರಲ್ಲಿ ಅರ್ಧದಷ್ಟಾದರೂ ಸ್ಟೀಮ್ ಆಗಬಹುದಿತ್ತು ಸರ್” ಎಂದರು ಅವರು, ತಮ್ಮ ಮನೆಯ ಅಕ್ಕಿಮೂಟೆ ಮಳೆಯಲ್ಲಿ ನೆನೆಯುತ್ತಿರುವುದನ್ನು ನೋಡುವವರ ದನಿಯಲ್ಲಿ. ಕೆಳಗಿಳಿಯುವಾಗ ಹೊದಿಕೆ ಕಳಚಿದ ಒಂದು ಫ್ಲಾಂಜಿನ ಬಳಿ ನಿಂತು ಅಂಗೈಯನ್ನು ಗೇಣುದ್ದದ ದೂರದಲ್ಲಿ ಹಿಡಿದು, ನನ್ನನ್ನೂ ಹಿಡಿಯಹೇಳಿದರು. ಚಳಿಗಾಲದ ಮುಂಜಾವಿನಲ್ಲಿ ಬಚ್ಚಲೊಲೆಯ ಮುಂದೆ ಕುಳಿತಂತೆ ಹಿತವಾಗಿತ್ತು. ಆ ಹಿತಕ್ಕೆ ವರ್ಷಕ್ಕೆ ಎಷ್ಟು ಇಂಧನವಾಯಿತೆಂಬುದನ್ನು ಅವರು ಜೇಬಿನ ಪುಸ್ತಕದಲ್ಲಿ ಗುರುತಿಸಿಕೊಂಡಿದ್ದರು.

ಬಿಸಿಯನ್ನು ಮತ್ತೆ ಮತ್ತೆ ದುಡಿಸುವುದು ಒಂದು ದಾರಿಯಾದರೆ, ಸುತ್ತುವ ದ್ರವವನ್ನೇ ಕಡಿಮೆ ಮಾಡುವುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಇದೇ ಮೇಲಾದುದು, ಏಕೆಂದರೆ ಕುದಿಸಬೇಕಿಲ್ಲದ ದ್ರವದಷ್ಟು ಮಿತವ್ಯಯಿ ಮತ್ತೊಂದಿಲ್ಲ. ಝಿಯೊಲೈಟ್ ವಿಧಾನ ಬರುವ ಮುನ್ನ ಪ್ಯಾರಾವನ್ನು ಹೆಪ್ಪುಗಟ್ಟಿಸಿ ತೆಗೆಯುತ್ತಿದ್ದರು. ಕುದಿಯುವಲ್ಲಿ ಒಂದೇ ಮನೆಯವರಂತಿರುವ ಈ ಸಮಾಂಗಿಗಳು ಹೆಪ್ಪುಗಟ್ಟುವಲ್ಲಿ ದೂರದವರು: ಪ್ಯಾರಾ 13 ಡಿಗ್ರಿಯಲ್ಲಿಯೇ ಹರಳಾಗುವುದು, ಮೆಟಾ ಸೊನ್ನೆಗಿಂತ 48 ಡಿಗ್ರಿ ಕೆಳಗೆ. ಆದರೆ ತಣಿಸುತ್ತ ಹೋದಂತೆ ಒಂದು ಹಂತದಲ್ಲಿ ಮೆಟಾವೂ ಜೊತೆಗೇ ಹರಳಾಗತೊಡಗುವುದರಿಂದ, ಪ್ಯಾರಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕೈಗೆ ಬರುತ್ತಿರಲಿಲ್ಲ. ಬಾರದೆ ಉಳಿದುದು ಸುಮ್ಮನೆ ಮತ್ತೊಂದು ಸುತ್ತು ಹೋಗಿಬರಬೇಕು. ಆಗಿನ ಲೆಕ್ಕದಲ್ಲಿ ಟನ್ನಿಗೆ 7 ಟನ್ ಸುತ್ತಬೇಕಾಗಿದ್ದುದು, 1971ರಲ್ಲಿ ಅಮೆರಿಕದ ಯು.ಓ.ಪಿ. ಸಂಸ್ಥೆಯ ಪ್ಯಾರೆಕ್ಸ್ ವಿಧಾನ ಬಳಕೆಗೆ ಬಂದ ಮೇಲೆ, ಮೊದಲೇ ಹೇಳಿದ 4.7ಕ್ಕೆ ಇಳಿಯಲು ಸಾಧ್ಯವಾಯಿತು. ಝಿಯೊಲೈಟ್ ಹಾಸುಗಳನ್ನು ಕದಲಿಸದೆಯೇ, ದ್ರವ ಒಳಬರುವ ಹೊರಹೋಗುವ ಬಾಗಿಲುಗಳನ್ನು ಮಾತ್ರ ಒಂದು ಸುತ್ತುಕವಾಟದಿಂದ ಸರದಿಯಂತೆ ಬದಲಿಸುತ್ತ, ಹಾಸೇ ದ್ರವಕ್ಕೆದುರಾಗಿ ಚಲಿಸಿದಂತಹ ಫಲವನ್ನು ಪಡೆಯುವ ಅದರ ಜಾಣ್ಮೆಯನ್ನು ವರ್ಣಿಸಲು ಬೇರೊಂದು ಲೇಖನವೇ ಬೇಕು.

ರಿಯಾಕ್ಟರಿನೊಳಗೂ ಇಂತಹುದೇ ಸುಧಾರಣೆ ನಡೆದಿದೆ. ಸಾಂಪ್ರದಾಯಿಕ ಐಸೊಮರೀಕರಣದಲ್ಲಿ ದ್ರವವನ್ನು ಆವಿಯಾಗಿಸಿ, ಹೈಡ್ರೋಜನ್ನಿನೊಡನೆ 400 ಡಿಗ್ರಿಯ ಸಮೀಪಕ್ಕೆ ಒಯ್ಯುತ್ತಾರೆ. ಹೊರಬರುವ ಬಿಸಿ ಪ್ರವಾಹದಿಂದ ಒಳಹೋಗುವ ತಣ್ಣನೆಯ ಪ್ರವಾಹವನ್ನು ಕಾಯಿಸಿಕೊಳ್ಳುವ ಎಕ್ಸ್‌ಚೇಂಜರೇ ಅಲ್ಲಿ ಜೀವನಾಡಿ. ಆವಿ ಮಾಡುವ ಗೊಡವೆಯೇ ಇಲ್ಲದೆ, ತಗ್ಗಿದ ಉಷ್ಣತೆಯಲ್ಲಿ, ದ್ರವಾವಸ್ಥೆಯಲ್ಲಿಯೇ ರೂಪಾಂತರವನ್ನು ಮಾಡಿಸುವ ಕ್ರಿಯಾವರ್ಧಕಗಳು ಈಗ ಬಂದಿವೆ. ಅವು ಎಥೈಲ್‌ಬೆನ್ಝೀನಿನ ಗೋಜಿಗೆ ಹೋಗವಾದ್ದರಿಂದ, ಒಂದು ಪಾಲನ್ನು ಹಳೆಯ ಆವಿಮಾರ್ಗದಲ್ಲಿ ಕಳಿಸಲೇಬೇಕು. ಉಳಿದ ಪಾಲಿನ ಮಟ್ಟಿಗೆ ಉಳಿತಾಯ ನಿಜವಾದುದು.

ಪೆಟ್ರೋಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ ಬರಬೇಕು. ನೇರ ಸರಪಳಿಯ ಪೆಂಟೇನಿನ ಆಕ್ಟೇನ್ ಸಂಖ್ಯೆ 62ರಷ್ಟಾದರೆ, ಕವಲೊಡೆದ ಐಸೊಪೆಂಟೇನಿನದು 92. ಈ ಏರಿಕೆಗಾಗಿ ರಿಫೈನರಿಗಳು ಹಗುರ ನ್ಯಾಫ್ತಾವನ್ನು ಐಸೊಮರೀಕರಿಸುತ್ತವೆ. ಮೊದಲನೆಯದು 36 ಡಿಗ್ರಿಯಲ್ಲಿ, ಎರಡನೆಯದು 28 ಡಿಗ್ರಿಯಲ್ಲಿ ಕುದಿಯುವುದರಿಂದ ಇಲ್ಲಿಯೂ ಗೋಪುರವೇ ಉಷ್ಣವನ್ನು ನುಂಗುವುದು. ಆದರೆ ಬುಡಕ್ಕೂ ನೆತ್ತಿಗೂ ಉಷ್ಣತೆಯ ಅಂತರ ಅಲ್ಪವಾಗಿರುವೆಡೆಯಲ್ಲಿ ಇನ್ನೊಂದು ಉಪಾಯ ಫಲಿಸುತ್ತದೆ: ನೆತ್ತಿಯ ಆವಿಯನ್ನು ಕಂಪ್ರೆಸರಿನಿಂದ ಒತ್ತಿ ಬಿಸಿ ಮಾಡಿ, ತನ್ನ ಬುಡವನ್ನು ತಾನೇ ಕುದಿಸಿಕೊಳ್ಳುವಂತೆ ಮಾಡುವುದು. ಹೊರಗಿನಿಂದ ಬೇಕಾದುದು ಆ ಕೆಲವು ಡಿಗ್ರಿಗಳನ್ನು ಹತ್ತಿಸುವಷ್ಟು ವಿದ್ಯುತ್ತು ಮಾತ್ರ. ಹೆಕ್ಸೇನ್ ಬಳಗವನ್ನು ಹಗುರ, ನಡು, ಭಾರ ಎಂದು ಮೂರಾಗಿ ವಿಂಗಡಿಸುವಲ್ಲಿ, ಎರಡು ಗೋಪುರಗಳ ಕೆಲಸವನ್ನು ನಡುಗೋಡೆಯಿರುವ ಒಂದೇ ಗೋಪುರದಿಂದ ಮಾಡಿಸಬಹುದು. 1949ರಲ್ಲಿಯೇ ಅಮೆರಿಕದ ರೈಟ್ ಎಂಬವನು ಇದಕ್ಕೆ ಪೇಟೆಂಟು ಪಡೆದಿದ್ದನು, ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆ ಅದನ್ನು ಕಟ್ಟಿ ನಿಲ್ಲಿಸಿದ್ದು 1985ರಲ್ಲಿ. ನಡುವಣ ದ್ರವ್ಯವು ಒಮ್ಮೆ ಬೇರೆಯಾಗಿ ಮತ್ತೆ ಬೆರೆತುಹೋಗುವ ವ್ಯರ್ಥವನ್ನು ಈ ಗೋಡೆ ತಪ್ಪಿಸುತ್ತದೆ. ನೂರಕ್ಕೆ 20ರಿಂದ 30ರಷ್ಟು ಉಷ್ಣ ಉಳಿಯುವುದು ಸಾಮಾನ್ಯ.

ಕುದಿಸದೆಯೇ ಬೇರ್ಪಡಿಸುವ ಯತ್ನವೂ ನಡೆದಿದೆ. ಅಮೆರಿಕದ ಜಾರ್ಜಿಯಾ ಟೆಕ್ ಮತ್ತು ಎಕ್ಸಾನ್‌ಮೊಬಿಲ್ ಸಂಶೋಧಕರು 2016ರಲ್ಲಿ ಇಂಗಾಲದ ಸೂಕ್ಷ್ಮ ಜರಡಿಯಂಥ ಟೊಳ್ಳು ನೂಲುಗಳ ಮೂಲಕ, ಕೊಠಡಿಯ ಉಷ್ಣತೆಯಲ್ಲಿಯೇ, ಒತ್ತಡವೊಂದರ ಬಲದಿಂದ ಪ್ಯಾರಾವನ್ನು ಅದರ ಸೋದರರಿಂದ ಸೋಸಿ ತೋರಿಸಿದರು. ಮನೆಯಲ್ಲಿ ಕುಡಿಯುವ ನೀರನ್ನು ಸೋಸುವ ತತ್ತ್ವವೇ ಅದು. ಪ್ರಕೃತಿ ಕೇಳುವ ಆ 25 ಕಿಲೋಜೂಲಿನ ಕಡೆಗೆ ಇಟ್ಟ ಹೆಜ್ಜೆಯೆಂದು ನಾನದನ್ನು ಗೌರವದಿಂದ ಕಾಣುತ್ತೇನೆ. ಆದರೆ ಇಂದು ನಿಂತಿರುವ ಗೋಪುರಗಳು ಇನ್ನೂ ಹಲವು ದಶಕ ಕುದಿಯಲಿವೆ. ಅವುಗಳಲ್ಲಿ ಉಷ್ಣ ಉಳಿಯುವುದು ದಿನದಿನದ ಆರೈಕೆಯಿಂದ. ಎಕ್ಸ್‌ಚೇಂಜರಿನ ಕೊಳವೆಗಳಿಗೆ ಒಳಗೊಳಗೇ ಕಿಟ್ಟ ಕಟ್ಟುತ್ತದೆ. ಕಟ್ಟಿದಂತೆಲ್ಲ ಬಿಸಿ ದಾಟುವುದು ನಿಧಾನವಾಗಿ, ಅಷ್ಟನ್ನೂ ಫರ್ನೇಸು ತುಂಬಿಕೊಡಬೇಕಾಗುತ್ತದೆ. ಗೇಜಿನ ಮುಳ್ಳು ಯಾವುದೂ ಕೆಂಪು ಗೆರೆಯನ್ನು ಮುಟ್ಟುವುದಿಲ್ಲವಾದ್ದರಿಂದ ಯಾರೂ ಗಾಬರಿಯಾಗುವುದಿಲ್ಲ.

ಅಂದು ಅಟ್ಟಣಿಗೆಯಿಂದ ಇಳಿದು ಕಂಟ್ರೋಲ್ ರೂಮಿಗೆ ಮರಳಿದಾಗ ಪಾಳಿ ಬದಲಾಗುವ ಹೊತ್ತಾಗಿತ್ತು. ರಾತ್ರಿಪಾಳಿಯ ಹುಡುಗನೊಬ್ಬನು ರಿಯಾಕ್ಟರ್ ಎಕ್ಸ್‌ಚೇಂಜರಿನ ಬಿಸಿತುದಿಯ ಎರಡು ಉಷ್ಣತೆಗಳನ್ನು ಲಾಗ್ ಪುಸ್ತಕಕ್ಕೆ ಇಳಿಸಿ, ಒಂದರಿಂದೊಂದನ್ನು ಕಳೆದು, ಹಿಂದಿನ ತಿಂಗಳ ಪುಟವನ್ನು ತಿರುವಿ ನೋಡಿ, ಅಂತರವು ಎರಡು ಡಿಗ್ರಿ ಹೆಚ್ಚಿರುವುದನ್ನು ಕಂಡು ಅದರ ಕೆಳಗೆ ಗೆರೆಯೆಳೆದನು. ಹಿರಿಯರು ಅದನ್ನು ನೋಡಿ ಕನ್ನಡಕವನ್ನು ಮೇಲೇರಿಸಿಕೊಂಡು, “ಬರುವ ಶಟ್‌ಡೌನಿನಲ್ಲಿ ಬಂಡಲ್ ಹೊರಗೆಳೆದು ತೊಳೆಸೋಣ, ಈಗಲೇ ಬರೆದಿಡಪ್ಪಾ” ಎಂದರು, ಹುಡುಗನು ಬರೆದುಕೊಂಡನು.